ಪಂಕ್ತಿಭೇದ ಮತ್ತು ಪ್ರಭುವಿನ ಮೇಜು

(ವಿಜಯಪುರದಲ್ಲಿ, ಬೇರೆ ಬೇರೆ ಧರ್ಮಗಳ ಕೇಳುಗರು ಕೂಡಿದ್ದ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಬಂಧುಗಳೇ,

ನಂಬಿಕೆ, ಆರಾಧನೆ, ನ್ಯಾಯ ಎಂಬ ಮೂರು ಮಾತುಗಳನ್ನು ಸಂಘಟಕರು ನನ್ನ ಮುಂದಿಟ್ಟಿದ್ದಾರೆ. ಮೂರೂ ದೊಡ್ಡ ಮಾತುಗಳು. ನಾನು ಬಲ್ಲದ್ದು ಒಂದು ಚಿಕ್ಕ ಕ್ರೈಸ್ತ ಸಭೆ. ಈ ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ನಮ್ಮ ಕಡೆ ‘ಪಡ’ ಎಂದು ಕರೆಯುವ ದ್ರಾಕ್ಷಿ ತೋಟಗಳ ನಡುವೆ, 41 ಮನೆತನಗಳು ಭಾನುವಾರ ಬೆಳಿಗ್ಗೆ ತಗಡಿನ ಮಾಡಿನ ಕೆಳಗೆ ಕೂಡುತ್ತವೆ. ಆಡಳಿತದಲ್ಲಿ ನಮ್ಮದು ಪ್ರೆಸ್ಬಿಟೇರಿಯನ್ ಪದ್ಧತಿ. ಅಲ್ಲಿನ ಹಿರಿಯರ ಕೂಟದ ನಡಾವಳಿಯನ್ನು ಹನ್ನೊಂದು ವರ್ಷಗಳಿಂದ ಬರೆಯುತ್ತಿರುವವನು ನಾನು.

ತಿಂಗಳ ಮೊದಲ ಭಾನುವಾರ ನಮ್ಮಲ್ಲಿ ಪ್ರಭುಭೋಜನ, ಅಂದರೆ ಯೇಸುವಿನ ಕಡೆಯ ಊಟದ ನೆನಪಿಗೆ ರೊಟ್ಟಿಯನ್ನೂ ದ್ರಾಕ್ಷಿ ರಸವನ್ನೂ ಹಂಚಿಕೊಳ್ಳುವ ವಿಧಿ, ಇರುತ್ತದೆ. ಅದರ ಸಿದ್ಧತೆ ಶುಕ್ರವಾರ ರಾತ್ರಿಯೇ ಒಂದು ಅಡುಗೆಮನೆಯಲ್ಲಿ ಮೊದಲಾಗುತ್ತದೆ. ಎರಡು ಬೊಗಸೆ ಒಣದ್ರಾಕ್ಷಿಯನ್ನು ತೊಳೆದು ನೀರಿನಲ್ಲಿ ನೆನೆಹಾಕುತ್ತಾರೆ. ಶನಿವಾರ ಸಂಜೆಗೆ ಅದು ಉಬ್ಬಿರುತ್ತದೆ. ಕೈಯಿಂದ ಹಿಸುಕಿ, ಒಗೆದ ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ, ಸಣ್ಣ ಉರಿಯಲ್ಲಿ ಕುದಿಸಿ, ಆರಿದ ಮೇಲೆ ಸ್ಟೀಲಿನ ಕ್ಯಾನಿಗೆ ತುಂಬುತ್ತಾರೆ. ಬಟ್ಟೆಯಲ್ಲಿ ಉಳಿದ ಸಿಪ್ಪೆಯನ್ನು ಮನೆಯ ಮಕ್ಕಳು ತಿನ್ನುತ್ತಾರೆ. ಆ ದ್ರಾಕ್ಷಿ ನಮ್ಮ ಸಭೆಯವರೇ ಬೆಳೆದದ್ದು, ನಮ್ಮ ಸಭೆಯ ಹೆಣ್ಣುಮಕ್ಕಳೇ ಕತ್ತರಿಸಿ, ಶೆಡ್ಡಿನಲ್ಲಿ ಒಣಗಿಸಿ, ಆರಿಸಿದ್ದು. ಭಾನುವಾರ ಪ್ರಾರ್ಥನೆಯೊಡನೆ ಎತ್ತಿ ಹಿಡಿಯುವ ಆ ರಸದಲ್ಲಿ ಯಾರ ಕೈಯ ದುಡಿಮೆಯಿದೆ, ಆ ಕೈಗೆ ಸಲ್ಲಬೇಕಾದದ್ದು ಸಂದಿದೆಯೇ ಎಂದು ನಾವು ಬಹುಕಾಲ ಕೇಳಿಕೊಂಡಿರಲಿಲ್ಲ. ಇವತ್ತಿನ ನನ್ನ ಮಾತು ಆ ಪ್ರಶ್ನೆಯನ್ನು ಕುರಿತದ್ದು.

ಮೊದಲು ಹೆಸರಿನ ವಿಚಾರ. ‘ಪ್ರೆಸ್ಬಿಟೇರಿಯನ್’ ಎಂಬುದರ ಮೂಲದಲ್ಲಿರುವ ಗ್ರೀಕ್ ಪದಕ್ಕೆ ಹಿರಿಯ ಎಂದೇ ಅರ್ಥ; ಕನ್ನಡದ ಸತ್ಯವೇದವೂ (ಬೈಬಲ್) ಅದನ್ನು ‘ಸಭೆಯ ಹಿರಿಯರು’ ಎಂದು ತಂದಿದೆ. ಬಿಷಪ್ ಒಬ್ಬರ ಕೈಯಲ್ಲಿ ಅಧಿಕಾರವಿಡದೆ, ಸಭೆಯೇ ಆರಿಸಿದ ಹಿರಿಯರೂ ವಾಕ್ಯ ಬೋಧಿಸುವ ಅಯ್ಯನವರೂ ಸಮಾನರಾಗಿ ಕುಳಿತು ತೀರ್ಮಾನಿಸಬೇಕು ಎಂಬುದು ಈ ಪದ್ಧತಿಯ ಜೀವಾಳ. 1541ರಲ್ಲಿ ಜಿನೀವಾ ನಗರದಲ್ಲಿ ಪ್ರೊಟೆಸ್ಟಂಟ್ ಸುಧಾರಕ ಜಾನ್ ಕ್ಯಾಲ್ವಿನ್ ಸಭೆಯ ಸೇವೆಯನ್ನು ಪಾಲಕರು, ಬೋಧಕರು, ಹಿರಿಯರು, ಬಡವರ ಆರೈಕೆಯ ಪರಿಚಾರಕರು ಎಂದು ನಾಲ್ಕಾಗಿ ವಿಂಗಡಿಸಿದ. ಬಡವರ ಪಾಲನೆಯನ್ನು ದಾನಿಗಳ ಮರ್ಜಿಗೆ ಬಿಡದೆ, ಪ್ರಸಂಗ ಮಾಡುವಷ್ಟೇ ಗೌರವದ ಸಭಾಸೇವೆಯಾಗಿ ನಿಲ್ಲಿಸಿದ್ದು ಇಲ್ಲಿ ಗಮನಿಸಬೇಕಾದ ಸಂಗತಿ. 1560ರಲ್ಲಿ ಜಾನ್ ನಾಕ್ಸ್ ಮತ್ತು ಸಂಗಡಿಗರಿಂದ ಸ್ಕಾಟ್ಲೆಂಡಿನಲ್ಲಿ ಪ್ರೊಟೆಸ್ಟಂಟ್ ಸುಧಾರಣೆ ನೆಲೆಗೊಂಡಾಗ, ಪ್ರತಿ ಊರಿನ ಸಭೆಗೊಂದು ಶಾಲೆಯಿರಬೇಕು, ಸಭೆಯ ಆದಾಯದಲ್ಲಿ ಬಡವರಿಗೆ ಪಾಲಿರಬೇಕು ಎಂಬ ಯೋಜನೆಯನ್ನೂ ಅವರು ಮುಂದಿಟ್ಟರು. 1845ರ ಕಾನೂನು ಬರುವವರೆಗೂ ಅಲ್ಲಿನ ಹಳ್ಳಿಗಳ ಬಡವರ ಪರಿಹಾರವನ್ನು ಬಹುಮಟ್ಟಿಗೆ ನೋಡಿಕೊಂಡದ್ದು ಊರ ಸಭೆಯ ಹಿರಿಯರೇ.

ಆದರೆ ‘ಹಿರಿಯ’ ಎಂಬ ಮಾತು ನಮ್ಮ ನೆಲದಲ್ಲಿ ಬರಿಗೈಯಲ್ಲಿ ಬರುವುದಿಲ್ಲ. ನಮ್ಮ ಊರುಗಳಲ್ಲಿ ಹಿರಿಯ ಎಂದರೆ ವಯಸ್ಸಾದವನು, ಹೊಲವುಳ್ಳವನು, ಕಟ್ಟೆಯ ಮೇಲೆ ಕುಳಿತು ಮಾತಾಡುವ ಹಕ್ಕು ಹುಟ್ಟಿನಿಂದಲೇ ಪಡೆದವನು. ಕಟ್ಟೆಯ ಕೆಳಗೆ ನಿಂತವರ ನ್ಯಾಯವನ್ನು ಕಟ್ಟೆಯ ಮೇಲಿನವರು ಹೇಳುತ್ತಿದ್ದ ರೂಢಿಯ ನೆನಪು ಆ ಪದದೊಳಗೆ ಇನ್ನೂ ಬೆಚ್ಚಗಿದೆ. ಚುನಾವಣೆಯ ಚೀಟಿಯಲ್ಲಿ ಹೆಸರು ಬರೆಯುವಾಗ ನಾವು ಕ್ಯಾಲ್ವಿನನ ಹಿರಿಯನನ್ನು ಆರಿಸುತ್ತಿದ್ದೇವೆಯೋ, ಊರಕಟ್ಟೆಯ ಹಿರಿಯನನ್ನೋ? ನನ್ನ ಅನುಭವದಲ್ಲಿ, ಸಣ್ಣ ಸಭೆಗಳ ಅರ್ಧ ತೊಡಕು ಈ ಒಂದು ಪದದಲ್ಲಿ ಅಡಗಿದೆ. ಬಸವಣ್ಣನವರು ಹುಟ್ಟಿದ ಬಾಗೇವಾಡಿ ಇರುವ ಜಿಲ್ಲೆಯಲ್ಲಿ ಕುಳಿತಿರುವ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು 12ನೆಯ ಶತಮಾನದಲ್ಲೇ ನೇರವಾಗಿ ಪ್ರಶ್ನಿಸಿದ ನಾಡು ಇದು.

ನಮ್ಮ ಕಡೆಗೆ ಪ್ರೊಟೆಸ್ಟಂಟ್ ಸಭೆಗಳು ಬಂದ ದಾರಿ ಒಂದೇ ಅಲ್ಲ. 1820ರಲ್ಲಿ ಲಂಡನ್ ಮಿಷನ್ನಿನವರು ಬೆಳಗಾವಿಗೆ ಬಂದರು. 1837ರಲ್ಲಿ ಧಾರವಾಡದಲ್ಲಿ ನೆಲೆಸಿದ ಬಾಸೆಲ್ ಮಿಷನ್ 1851ರಲ್ಲಿ ಗುಳೇದಗುಡ್ಡದಲ್ಲಿ, ನೇಕಾರರ ಮಗ್ಗಗಳ ನಡುವೆ, ಕೇಂದ್ರ ತೆರೆಯಿತು. ದಕ್ಷಿಣ ಭಾರತದ ಪ್ರೆಸ್ಬಿಟೇರಿಯನ್ನರು ಮತ್ತು ಕಾಂಗ್ರಿಗೇಷನಲ್ ಪಂಗಡದವರು 1908ರಲ್ಲಿ ಒಂದಾದರು. ಆ ಐಕ್ಯಸಭೆ ಮುಂದೆ ಆಂಗ್ಲಿಕನ್ನರೊಂದಿಗೂ ಮೆಥಡಿಸ್ಟರೊಂದಿಗೂ ಸೇರಿ, 1947ರ ಸೆಪ್ಟೆಂಬರ್ 27ರಂದು ಚೆನ್ನೈಯಲ್ಲಿ ದಕ್ಷಿಣ ಭಾರತ ಸಭೆಯಾಯಿತು. ಆದ್ದರಿಂದ ಇಂದು ಬಿಷಪ್ಪರಿರುವ ಸಭೆಗಳಲ್ಲೂ ಹಿರಿಯರ ಆಡಳಿತದ ಒಂದು ಎಳೆ ಹರಿದಿದೆ. ಇತಿಹಾಸ ಇಷ್ಟು ಸಾಕು.

ಇನ್ನು ಆರಾಧನೆ. ನಮ್ಮ ಆರಾಧನೆಯಲ್ಲಿ ಕಣ್ಣಿಗೆ ಕಾಣುವ ವೈಭವ ಕಡಿಮೆ. ಮೂರ್ತಿಯಿಲ್ಲ, ಧೂಪವಿಲ್ಲ. ಒಂದು ಮೇಜು, ಒಂದು ಪುಸ್ತಕ, ಹಾರ್ಮೋನಿಯಂ, ಢೋಲಕ್. ಮೊದಲು ದೇವರ ಸ್ತುತಿ, ಆಮೇಲೆ ಎಲ್ಲರೂ ಒಟ್ಟಿಗೆ ಹೇಳುವ ಪಾಪದ ಅರಿಕೆ, ವಾಕ್ಯಪಠನ, ಪ್ರಸಂಗ, ಕಾಣಿಕೆ, ಲೋಕಕ್ಕಾಗಿ ಪ್ರಾರ್ಥನೆ, ಆಶೀರ್ವಾದ. ಈ ಕ್ರಮದಲ್ಲಿ ನನಗೆ ಬಹಳ ಹಿಡಿಸುವುದು ಪಾಪದ ಅರಿಕೆ ಆರಂಭದಲ್ಲೇ ಬರುವುದು. ಹೊಲದ ಒಡೆಯನೂ ಅದೇ ಹೊಲದ ಆಳೂ ಒಂದೇ ವಾಕ್ಯವನ್ನು ಒಂದೇ ಉಸಿರಿನಲ್ಲಿ ಹೇಳುತ್ತಾರೆ. ವಾರದ ಉಳಿದ ಆರು ದಿನಗಳಲ್ಲಿ ಇಬ್ಬರೂ ಒಂದೇ ವಾಕ್ಯವನ್ನು ಒಟ್ಟಿಗೆ ಆಡುವ ಇನ್ನೊಂದು ಜಾಗವನ್ನು ನಾನು ನಮ್ಮೂರಿನಲ್ಲಿ ಕಂಡಿಲ್ಲ.

ಆರಾಧನೆ ಮುಗಿದ ಮೇಲೆ ನ್ಯಾಯದ ಕೆಲಸ ಮೊದಲಾಗುತ್ತದೆ ಎಂದು ಹೇಳುವವರಿದ್ದಾರೆ. ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ, ಆದರೂ ನಾನು ಒಪ್ಪುವುದಿಲ್ಲ. ಪ್ರವಾದಿ ಆಮೋಸನು ನ್ಯಾಯವು ಹೊಳೆಯಂತೆ ಹರಿಯಬೇಕೆಂದು ಸಾರುವ ಮುನ್ನ, ಜನರ ಹಬ್ಬಗಳನ್ನೂ ಹಾಡುಗಳನ್ನೂ ದೇವರು ಒಲ್ಲೆನೆನ್ನುತ್ತಾನೆ ಎಂದು ಹೇಳಿದ. ಬಡವನನ್ನು ತುಳಿದ ಕೈ ಎತ್ತಿದ ಸ್ತುತಿ ಸ್ತುತಿಯೇ ಆಗದು ಎಂಬುದು ಅವನ ಮಾತಿನ ಹುರುಳು. ಹಾಗಾದರೆ ನ್ಯಾಯಕ್ಕೆ ಆರಾಧನೆಯ ಒಳಗೇ ಜಾಗವಿದೆ. ಅದು ಕೆಟ್ಟರೆ ಮೊದಲು ಕೆಡುವುದು ಅಲ್ಲಿಯೇ. ಅದನ್ನು ತೋರಿಸಲು ಪ್ರಭುವಿನ ಮೇಜಿನ ಬಳಿಗೇ ಬರುತ್ತೇನೆ.

ಊಟದ ಸಾಲಿನಲ್ಲಿ ಮೇಲು ಕೀಳು ಮಾಡುವುದಕ್ಕೆ ಕನ್ನಡದಲ್ಲಿ ಒಂದು ನಿಖರವಾದ ಮಾತಿದೆ: ಪಂಕ್ತಿಭೇದ. ಯೇಸುವಿನ ಅಪೊಸ್ತಲ ಪೌಲನು ಕೊರಿಂಥ ಎಂಬ ಊರಿನ ಸಭೆಯವರಿಗೆ ಬರೆದ ಮೊದಲನೆಯ ಪತ್ರಿಕೆಯ 11ನೆಯ ಅಧ್ಯಾಯದ ಸಂಗತಿ ಇದೇ. ಉಳ್ಳವರು ಮೊದಲು ಬಂದು ತಮ್ಮ ಊಟ ತಾವು ಮುಗಿಸುತ್ತಿದ್ದರು. ಇಲ್ಲದವರು, ದುಡಿದು ತಡವಾಗಿ ಬಂದವರು ಹಸಿದೇ ಉಳಿಯುತ್ತಿದ್ದರು. ನೀವು ಉಣ್ಣುತ್ತಿರುವುದು ಪ್ರಭುವಿನ ಭೋಜನವೇ ಅಲ್ಲ ಎಂದು ಪೌಲ ಕಡ್ಡಿ ಮುರಿದ ಹಾಗೆ ಹೇಳಿದ. ಆಮೇಲೆ ಅವನು ಕೊಟ್ಟ ಅಪ್ಪಣೆ ಬಹಳ ಸರಳ: ಒಬ್ಬರಿಗಾಗಿ ಒಬ್ಬರು ಕಾಯಿರಿ. ಕೂಲಿಯವನು ಹೊಲದಿಂದ ಬರುವ ತನಕ ಒಡೆಯ ತುತ್ತು ಎತ್ತಬಾರದು.

ಪ್ರೆಸ್ಬಿಟೇರಿಯನ್ನರು ಈ ಮೇಜನ್ನು ಎಷ್ಟು ಜಾಗರೂಕತೆಯಿಂದ ಕಾದರೆಂದರೆ, ಸ್ಕಾಟ್ಲೆಂಡಿನಲ್ಲಿ ಭೋಜನಕ್ಕೆ ಮೊದಲು ಹಿರಿಯರು ಯೋಗ್ಯರಿಗೆ ಸೀಸದ ಚಿಕ್ಕ ಬಿಲ್ಲೆಗಳನ್ನು ಹಂಚುತ್ತಿದ್ದರು. ಅದರ ಮೇಲೆ ಸಭೆಯ ಹೆಸರಿನ ಅಕ್ಷರಗಳು, ಕೆಲವೊಮ್ಮೆ ಇಸವಿ ಇರುತ್ತಿದ್ದವು. ಬಿಲ್ಲೆ ತಂದವನಿಗೆ ಮಾತ್ರ ಮೇಜಿನ ಬಳಿ ಜಾಗ. ನೆರೆಯವನೊಡನೆ ಜಗಳ ತೀರಿಸಿಕೊಳ್ಳದವನಿಗೆ ಬಿಲ್ಲೆ ಸಿಗದೇ ಹೋಗಬಹುದಿತ್ತು. ಈ ಶಿಸ್ತಿನ ಹಿಂದಿನ ಅರಿವು ಸರಿಯಾದದ್ದೇ: ನೆರೆಯವನಿಗೆ ಮಾಡಿದ ಅನ್ಯಾಯವನ್ನು ಮನೆಯಲ್ಲಿಟ್ಟು ದೇವರ ಮುಂದೆ ಬರಲಾಗದು. ಆದರೆ ಶಿಸ್ತಿನ ಭಾರ ಬೀಳುತ್ತಿದ್ದದ್ದು ಹೆಚ್ಚಾಗಿ ಕೆಳಗಿನವರ ಮೇಲೆ. ಬಸುರಾದ ಮದುವೆಯಿಲ್ಲದ ಹೆಣ್ಣನ್ನು ಎಲ್ಲರೆದುರು ಪಶ್ಚಾತ್ತಾಪದ ಪೀಠದ ಮೇಲೆ ಕೂರಿಸುತ್ತಿದ್ದ ಹಿರಿಯರು ಊರ ಜಮೀನ್ದಾರನ ಲೆಕ್ಕಪತ್ರ ಕೇಳುವ ಧೈರ್ಯವನ್ನು ಅಷ್ಟೇ ಸಲೀಸಾಗಿ ತೋರಲಿಲ್ಲ. ಬಿಲ್ಲೆ ಯಾರಿಗೆ ಸಿಗಲಿಲ್ಲ ಎಂದು ನೋಡಿದರೆ ಸಭೆಯ ನ್ಯಾಯ ಯಾವ ಕಡೆ ವಾಲಿತ್ತೆಂದು ತಿಳಿಯುತ್ತದೆ.

ಇದಕ್ಕಿಂತ ಘೋರವಾದ ಪಾಠ ದಕ್ಷಿಣ ಆಫ್ರಿಕದ್ದು. ಅಲ್ಲಿನ ಡಚ್ ರಿಫಾರ್ಮ್ಡ್ ಸಭೆ ನಮ್ಮದೇ ಬಳಗದ್ದು. ಕ್ಯಾಲ್ವಿನನ ದಾರಿಯದು, ಹಿರಿಯರ ಆಡಳಿತದ್ದು. ಮೈಬಣ್ಣ ನೋಡದೆ ಎಲ್ಲರಿಗೂ ಒಟ್ಟಿಗೆ ಪ್ರಭುಭೋಜನ ಕೊಡತಕ್ಕದ್ದು ಎಂದು 1829ರಲ್ಲಿ ಅದರ ಮೇಲಿನ ಮಂಡಲಿಯಾದ ಸಿನಡ್ ತೀರ್ಮಾನಿಸಿತ್ತು. 28 ವರ್ಷಗಳ ಬಳಿಕ, 1857ರಲ್ಲಿ, ಅದೇ ಸಿನಡ್ ಇನ್ನೊಂದು ಮಾತು ಹೇಳಿತು: ಕೂಡಿ ಕುಳಿತುಕೊಳ್ಳುವುದೇ ವಾಕ್ಯಕ್ಕೆ ಒಪ್ಪುವುದಾದರೂ, ಕೆಲವರ ದೌರ್ಬಲ್ಯದ ಕಾರಣ ಅದು ಸುವಾರ್ತೆಯ ಕೆಲಸಕ್ಕೆ ಅಡ್ಡಿಯಾಗುವಲ್ಲಿ, ಬೇರೆ ಬಣ್ಣದವರು ಬೇರೆ ಕಟ್ಟಡದಲ್ಲಿ ಕೂಡಬಹುದು. ಆ ದೌರ್ಬಲ್ಯ ಬಿಳಿಯರದು. ಅದಕ್ಕೆ ಕೊಟ್ಟ ರಿಯಾಯಿತಿ 1881ರಲ್ಲಿ ಬೇರೆಯದೇ ಒಂದು ಸಭೆಯಾಯಿತು, ಕಾಲಾಂತರದಲ್ಲಿ ಸಿದ್ಧಾಂತವಾಯಿತು. 1948ರಲ್ಲಿ ವರ್ಣಭೇದ ಸರ್ಕಾರದ ನೀತಿಯಾದಾಗ ಅದಕ್ಕೆ ದೇವರ ಹೆಸರಿನ ಸಮರ್ಥನೆ ಸಿದ್ಧವಾಗಿತ್ತು. ಮೇಜಿನ ಬಳಿ ನಡೆದ ಪಂಕ್ತಿಭೇದ ದೇಶದ ಕಾನೂನಿಗೆ ದಾರಿ ಮಾಡಿಕೊಟ್ಟಿತು.

ಅದನ್ನು ಬಿಡಿಸುವ ಹೋರಾಟವೂ ಸಭೆಯ ಒಳಗಿನಿಂದ ಬಂತು ಎಂಬುದು ನನಗೆ ಬಲ ಕೊಡುವ ಸಂಗತಿ. 1982ರಲ್ಲಿ ಒಟಾವಾದಲ್ಲಿ ಕೂಡಿದ ಜಾಗತಿಕ ರಿಫಾರ್ಮ್ಡ್ ಸಭೆಗಳ ಒಕ್ಕೂಟ, ವರ್ಣಭೇದಕ್ಕೆ ಕೊಡುವ ಧಾರ್ಮಿಕ ಸಮರ್ಥನೆ ಧರ್ಮವಿರೋಧಿ ಬೋಧನೆ ಎಂದು ಘೋಷಿಸಿ, ದಕ್ಷಿಣ ಆಫ್ರಿಕದ ಅಲನ್ ಬುಸಾಕ್ ಅವರನ್ನೇ ಅಧ್ಯಕ್ಷರನ್ನಾಗಿ ಆರಿಸಿತು. ಅದೇ ವರ್ಷ ಬೆಲ್ಹಾರ್ ಎಂಬಲ್ಲಿ ಕೂಡಿದ ಆ ಬೇರ್ಪಡಿಸಿದ ಸಭೆಯವರು ವಿಶ್ವಾಸದ ಅರಿಕೆಯೊಂದರ ಕರಡು ಬರೆದು, 1986ರಲ್ಲಿ ಅಂಗೀಕರಿಸಿದರು. ಐಕ್ಯ, ಸಮಾಧಾನ, ನ್ಯಾಯ ಅದರ ಮೂರು ಸ್ತಂಭಗಳು. ನ್ಯಾಯವನ್ನು ಅವರು ವಿಶ್ವಾಸದ ಪ್ರಮಾಣದಲ್ಲೇ ಸೇರಿಸಿದರು, ದೇವರನ್ನು ನಂಬುತ್ತೇವೆ ಎಂದು ಹೇಳುವ ಅದೇ ಉಸಿರಿನಲ್ಲಿ.

ನಮ್ಮ ದೇಶದ ಸಭೆಗಳಲ್ಲೂ ಬೇರೆ ಸಾಲು, ಬೇರೆ ಬಟ್ಟಲು, ಬೇರೆ ಸ್ಮಶಾನ ಇದ್ದವು. ಕೆಲವೆಡೆ ಇನ್ನೂ ಇವೆ. ಕ್ರೈಸ್ತರಲ್ಲಿ ಜಾತಿಯಿಲ್ಲ ಎಂದು ವೇದಿಕೆಯಲ್ಲಿ ಹೇಳುವವರು ಮದುವೆಯ ಸಂಬಂಧ ಕುದುರಿಸುವಾಗ ಏನು ಕೇಳುತ್ತಾರೆಂಬುದು ನಮಗೆಲ್ಲ ಗೊತ್ತು. ಸರ್ಕಾರದ ಕಡೆಯಿಂದ ಇನ್ನೊಂದು ಬಗೆಯ ಪಂಕ್ತಿಭೇದವಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶ ಆ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿಕೊಂಡಿತು. ದಲಿತ ಕ್ರೈಸ್ತರೂ ದಲಿತ ಮುಸ್ಲಿಮರೂ ಹೊರಗೇ ಉಳಿದರು. ಇದರ ವಿರುದ್ಧ ಸಭೆಗಳು ಅರ್ಜಿ ಹಾಕಿವೆ, ಮೆರವಣಿಗೆ ಮಾಡಿವೆ, ನಾನೂ ನಡೆದಿದ್ದೇನೆ. ಬೇಡಿಕೆ ನ್ಯಾಯವಾದದ್ದು. ಆದರೆ ಸರ್ಕಾರದ ಮುಂದೆ ಜಾತಿಯ ನೋವನ್ನು ಹೇಳಿಕೊಳ್ಳುವ ಸಭೆ ತನ್ನ ಮೇಜಿನ ಬಳಿ ಜಾತಿಯೇ ಇಲ್ಲವೆಂದು ನಟಿಸಿದರೆ ಅರ್ಜಿಯ ಬಲ ಕುಂದುತ್ತದೆ.

ಕಾಣಿಕೆಯ ವಿಚಾರದಲ್ಲಿ ಮಿಜೋರಾಮಿನ ಪ್ರೆಸ್ಬಿಟೇರಿಯನ್ ಹೆಣ್ಣುಮಕ್ಕಳಿಂದ ಕಲಿಯುವುದಿದೆ. 20ನೆಯ ಶತಮಾನದ ಆರಂಭದಿಂದ ಅಲ್ಲೊಂದು ರೂಢಿ ಬೆಳೆದಿದೆ. ಅಡುಗೆಗೆ ಅಕ್ಕಿ ಅಳೆಯುವಾಗಲೆಲ್ಲ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿಡುತ್ತಾರೆ. ಅದನ್ನು ‘ಬುಹ್‌ಫಾಯ್ ಥಾಮ್’ ಎನ್ನುತ್ತಾರೆ. ಆ ಹಿಡಿಅಕ್ಕಿ ಕೂಡಿ, ಮಾರಾಟವಾಗಿ, ಸಭೆಯ ಸೇವೆಗೆ ದೊಡ್ಡ ಆಧಾರವಾಗಿದೆ. ಗುಡ್ಡಗಾಡಿನ ಬಡ ಅಡುಗೆಮನೆಗಳೇ ಅಲ್ಲಿ ಕಾಣಿಕೆಯ ಪೆಟ್ಟಿಗೆಗಳಾದವು. ನಮ್ಮ ಸಭೆಯ ಹೆಣ್ಣುಮಕ್ಕಳು ಸುಗ್ಗಿ ಹಬ್ಬಕ್ಕೆ ಜೋಳವನ್ನು ಹೀಗೆಯೇ ಕೂಡಿಸುತ್ತಾರೆ. ಕೊಡುವ ಕೈ ಅವರದು. ಅದು ಹೇಗೆ ಖರ್ಚಾಗಬೇಕೆಂದು ಬಹುಕಾಲ ತೀರ್ಮಾನಿಸಿದವರು ಗಂಡಸರು. ಸ್ಕಾಟ್ಲೆಂಡಿನ ಸಭೆ ಮಹಿಳೆಯರಿಗೆ ಹಿರಿಯರ ಸ್ಥಾನವನ್ನು 1966ರಲ್ಲಿ, ಬೋಧಕ ದೀಕ್ಷೆಯನ್ನು 1968ರಲ್ಲಿ ತೆರೆಯಿತು. ದಕ್ಷಿಣ ಭಾರತ ಸಭೆಯಲ್ಲಿ 1976ರಲ್ಲಿ ಮೊದಲ ಮಹಿಳೆ ದೀಕ್ಷೆ ಪಡೆದರು. 2013ರಲ್ಲಿ ಪುಷ್ಪಲಲಿತಾ ಅವರು ಬಿಷಪ್ಪರಾದರು. ನಮ್ಮ ಚಿಕ್ಕ ಸಭೆಯಲ್ಲಿ ಹಿರಿಯರ ಐದು ಕುರ್ಚಿಗಳ ಮೇಲೆ ಇಂದಿಗೂ ಐವರು ಗಂಡಸರೇ ಇದ್ದಾರೆ. ಕಳೆದ ಚುನಾವಣೆಯಲ್ಲಿ ಒಬ್ಬ ತಾಯಿಯ ಹೆಸರು ಬಂತು, ಮೂರು ಮತಗಳಿಂದ ಸೋತಿತು. ಇದು ನನಗೆ ಸಮಾಧಾನದ ಸಂಗತಿಯಲ್ಲ.

ಈಗ ನಮ್ಮ ಸಭೆಯಲ್ಲಿ ನಡೆದದ್ದನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಹೆಸರಿಲ್ಲದೆ ಹೇಳುತ್ತೇನೆ.

ನಮ್ಮಲ್ಲಿ ರೊಟ್ಟಿಯ ತಟ್ಟೆಯನ್ನೂ ರಸದ ಚಿಕ್ಕ ಲೋಟಗಳ ತಟ್ಟೆಯನ್ನೂ ಹಿರಿಯರು ಸಾಲಿನ ತುದಿಗೆ ತಂದುಕೊಡುತ್ತಾರೆ. ಕೂತವರು ಕೈಯಿಂದ ಕೈಗೆ ದಾಟಿಸುತ್ತಾರೆ. ಕಿಟಕಿಯ ಬದಿಯ ಮೂರನೆಯ ಸಾಲಿನಲ್ಲಿ ಕೂರುವ ಒಬ್ಬ ತಾಯಿ, ಮೂರು ತಿಂಗಳು, ತಟ್ಟೆಯನ್ನು ಮುಟ್ಟಿ ಪಕ್ಕದವರಿಗೆ ದಾಟಿಸಿದರು, ತಾವು ತೆಗೆದುಕೊಳ್ಳಲಿಲ್ಲ. ಸೆರಗು ಮುಂದೆಳೆದು ತಲೆ ತಗ್ಗಿಸಿ ಕುಳಿತಿದ್ದರು. ಆ ಸಾಲಿಗೆ ತಟ್ಟೆ ತರುತ್ತಿದ್ದ ಹಿರಿಯರ ಪಡದಲ್ಲೇ ಅವರು ಕಟಾವಿಗೆ ಹೋಗಿದ್ದು. 63 ದಿನಗಳ ಪಗಾರ ಬಾಕಿಯಿತ್ತು. ಆ ಹಿರಿಯರು ಕೆಟ್ಟವರಲ್ಲ. ನಮ್ಮ ತಲೆಯ ಮೇಲಿನ ತಗಡುಗಳನ್ನು ಹಾಕಿಸಿಕೊಟ್ಟವರು ಅವರೇ. ಆ ವರ್ಷ ಒಣದ್ರಾಕ್ಷಿ ಶೆಡ್ಡಿನಲ್ಲಿದ್ದಾಗ ಅಕಾಲದ ಮಳೆ ಬಿದ್ದು ಕಾಯಿ ಕಪ್ಪಾಗಿತ್ತು, ವ್ಯಾಪಾರಿ ಅವರಿಗೂ ಹಣ ತಡೆದಿದ್ದ. ನಷ್ಟ ಮೇಲಿನಿಂದ ಕೆಳಗೆ ಇಳಿಯುತ್ತ ಬಂದು ಇನ್ನು ಕೆಳಗೆ ಇಳಿಯಲಾಗದ ಕಡೆ ನಿಂತಿತ್ತು.

ಹಿರಿಯರ ಕೂಟದ ಮೊದಲ ಬೈಠಕ್ಕಿನಲ್ಲಿ ಹೊಲದ ವ್ಯವಹಾರ ದೇವರ ಮನೆಗೆ ಬೇಡ ಎಂಬ ಮಾತು ಬಂತು. ನಾನೂ ಹಾಗೆಯೇ ಎಂದೆ, ಅದನ್ನು ಮುಚ್ಚಿಡುವುದಿಲ್ಲ. ಎರಡನೆಯ ಬೈಠಕ್ಕಿನಲ್ಲಿ, ಟಪಾಲು ಇಲಾಖೆಯಿಂದ ನಿವೃತ್ತರಾದ ಒಬ್ಬ ಹಿರಿಯರು ಮಾತಾಡದೆ ಸತ್ಯವೇದ ತೆರೆದರು. ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಬಳಿ ಉಳಿಯಬಾರದು ಎಂಬ ಯಾಜಕಕಾಂಡದ 19ನೆಯ ಅಧ್ಯಾಯವನ್ನೂ, ಹೊಲ ಕೊಯ್ದವರಿಂದ ಹಿಡಿದಿಟ್ಟ ಕೂಲಿ ತಾನೇ ಕೂಗುತ್ತದೆ ಎಂಬ ಯಾಕೋಬನ ಪತ್ರಿಕೆಯ 5ನೆಯ ಅಧ್ಯಾಯವನ್ನೂ ಓದಿ ಮುಚ್ಚಿದರು. ಆಮೇಲೆ ತಗಡಿನ ಮಾತು ಬಂತು. ಅವರು ಹಾಕಿಸಿದ ಮಾಡಿನ ಕೆಳಗೆ ಕುಳಿತು ಅವರನ್ನು ಹೇಗೆ ಕೇಳುವುದು? ಆಗ ಅಯ್ಯನವರು ಸ್ಕಾಟ್ಲೆಂಡಿನ ಫ್ರೀ ಚರ್ಚ್‌ನ ಕಥೆ ನೆನಪಿಸಿದರು. 1843ರಲ್ಲಿ ಸ್ಕಾಟ್ಲೆಂಡಿನ ಅಧಿಕೃತ ಸಭೆಯಿಂದ ಹೊರಬಂದವರು ಕಟ್ಟಿಕೊಂಡ ಆ ಸಭೆ ಅಮೆರಿಕದ ಗುಲಾಮರ ಒಡೆಯರಿಂದಲೂ ಸುಮಾರು 3,000 ಪೌಂಡು ದೇಣಿಗೆ ಪಡೆದಿತ್ತು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದ ಫ್ರೆಡೆರಿಕ್ ಡಗ್ಲಾಸ್ 1846ರಲ್ಲಿ ಊರೂರು ತಿರುಗಿ, ಆ ಹಣವನ್ನು ಹಿಂದಕ್ಕೆ ಕಳಿಸಿ ಎಂದು ಕೂಗಿ ಹೇಳಿದರು. ಹಣ ಹಿಂದಕ್ಕೆ ಹೋಗಲಿಲ್ಲ.

ಮೂರನೆಯ ಬೈಠಕ್ಕಿನಲ್ಲಿ ತೀರ್ಮಾನವಾಯಿತು. ಪ್ರಭುಭೋಜನ ಎಂದು ನಡೆಯಬೇಕೆಂದು ನಿಶ್ಚಯಿಸುವ ಅಧಿಕಾರ ನಮ್ಮ ಪದ್ಧತಿಯಲ್ಲಿ ಹಿರಿಯರ ಕೂಟದ್ದು. ಲೆಕ್ಕ ತೀರುವ ತನಕ ಭೋಜನವನ್ನು ಮುಂದೂಡಿದೆವು. ಇಡೀ ಸಭೆ ಒಬ್ಬ ಕೂಲಿಯಾಕೆಗಾಗಿ ಕಾಯಬೇಕೇ ಎಂದು ಕೆಲವರು ಸಿಟ್ಟಾದರು. ಪೌಲನ ಅಪ್ಪಣೆ ಅದೇ ಎಂದು ಅಯ್ಯನವರು ಉತ್ತರಿಸಿದರು. ಹಾಜರಿ ಪುಸ್ತಕ ತರಿಸಿ, ಗುಡಿಯ ಪಡಸಾಲೆಯಲ್ಲಿ ಕುಳಿತು ದಿನ ಎಣಿಸಿದಾಗ ಇನ್ನೂ ಇಬ್ಬರ ಬಾಕಿ ಹೊರಬಂತು. ಆ ಹಿರಿಯರು ಸಾಲ ಮಾಡಿ ಎರಡು ಕಂತಿನಲ್ಲಿ ಮೂವರಿಗೂ ಕೊಟ್ಟರು. ಎರಡು ಭಾನುವಾರ ತಡವಾಗಿ ಭೋಜನ ನಡೆಯಿತು. ಆ ತಾಯಿ ಅಂದೂ ತೆಗೆದುಕೊಳ್ಳಲಿಲ್ಲ. ಮತ್ತೆ ನಾಲ್ಕು ತಿಂಗಳು ಬೇಕಾಯಿತು. ಅವರನ್ನು ಯಾರೂ ಅವಸರಪಡಿಸಲಿಲ್ಲ ಎಂಬುದಷ್ಟೇ ನಮ್ಮ ಕಡೆಯ ಒಳ್ಳೆಯ ಸಂಗತಿ.

ವಾರ್ಷಿಕ ಕೂಟದಲ್ಲಿ ನಾನು ನಡಾವಳಿ ಓದಿದೆ. ‘ಸಭೆಯ ಇಬ್ಬರು ಸದಸ್ಯರ ನಡುವಿನ ಮನಸ್ತಾಪವು ಸೌಹಾರ್ದಯುತವಾಗಿ ಬಗೆಹರಿಯಿತು’ ಎಂದು ಬರೆದಿದ್ದೆ. ಬರೆಯುವಾಗ ಅದು ಮರ್ಯಾದೆಯ ವಾಕ್ಯವೆಂದು ನನಗೆ ತೋರಿತ್ತು. ಆ ತಾಯಿ ಎದ್ದು ನಿಂತರು. “ಅಣ್ಣಾರ, ನಮ್ಮ ನಡುವ ಮನಸ್ತಾಪ ಇರಲಿಲ್ರೀ. ಪಗಾರ ಬಾಕಿ ಇತ್ತು” ಎಂದು ಹೇಳಿ ಕುಳಿತರು.

ಎರಡೂ ಕಡೆಯವರನ್ನು ಸಮ ಮಾಡಿ ತೂಗಿದ ನನ್ನ ಒಂದು ಪದ, ಅವರು ತಿಂಗಳುಗಟ್ಟಲೆ ಮೌನವಾಗಿ ಹೊತ್ತದ್ದನ್ನು ಅಳಿಸಿಹಾಕಿತ್ತು. ನಮ್ಮಲ್ಲಿ ನಡಾವಳಿ ಪುಸ್ತಕದಲ್ಲಿ ಹಾಳೆ ಹರಿಯುವಂತಿಲ್ಲ, ಬಿಳಿ ಹಚ್ಚುವಂತಿಲ್ಲ. ವರ್ಷಕ್ಕೊಮ್ಮೆ ಮೇಲಿನ ಮಂಡಲಿ ಅದನ್ನು ತರಿಸಿ ತಪಾಸಣೆ ಮಾಡುತ್ತದೆ. ತಿದ್ದಬೇಕಾದರೆ ಮೊದಲಿನ ಅಕ್ಷರ ಕಾಣುವಂತೆ ಒಂದೇ ಗೀಟು ಹೊಡೆದು ಬದಿಯಲ್ಲಿ ಬರೆದು ಸಹಿ ಮಾಡಬೇಕು. ಅಲ್ಲೇ, ಎಲ್ಲರೆದುರಿಗೆ, ನನ್ನ ವಾಕ್ಯದ ಮೇಲೆ ಗೀಟು ಹೊಡೆದು, ‘ಮೂವರು ಸದಸ್ಯೆಯರಿಗೆ ಕಟಾವಿನ ಪಗಾರ ಬಾಕಿಯಿತ್ತು, ಹಿರಿಯರ ಕೂಟದ ತೀರ್ಮಾನದಂತೆ ಸಂದಾಯವಾಯಿತು’ ಎಂದು ಬರೆದೆ. ಅಯ್ಯನವರು ಸಹಿ ಹಾಕಿದರು, ಪಡದ ಒಡೆಯರಾದ ಆ ಹಿರಿಯರೂ ಹಾಕಿದರು. ಆ ತಾಯಿ ಪುಸ್ತಕವನ್ನು ತಮ್ಮ ಕಡೆ ತಿರುಗಿಸಿಕೊಂಡು, ವಾಕ್ಯವನ್ನು ಬೆರಳಿಟ್ಟು ಒಂದೊಂದೇ ಅಕ್ಷರವಾಗಿ ಓದಿ, ‘ಮೂವರು’ ಎಂಬ ಪದದ ಮುಂದೆ ‘63 ದಿನ’ ಎಂದೂ ಸೇರಿಸಲು ಹೇಳಿದರು. ಸೇರಿಸಿದೆ.